ಕಾರ್ಕಳಕ್ಕೆ ತೊಂಬತ್ತೊಂದು ಅಂಕ

ಸುಶಾಂತನಿಗೆ ತನ್ನ ಜಾಣತನದ ಬಗ್ಗೆ ಬಲು ಹೆಮ್ಮೆ. ಆ ಜಾಣತನ ಒಂದು ಸೋಮವಾರ ಮಧ್ಯಾಹ್ನ ಬೇರೊಬ್ಬನ ಹಲ್ಲು ಉದುರಿಸಿತು, ಬೆರಳು ಮುರಿಸಿತು. ಸುಶಾಂತನ ಮೈಮೇಲೆ ಮಾತ್ರ ಒಂದು ಗೀರೂ ಬೀಳಲಿಲ್ಲ. ಜಾಣರ ಹಣೆಬರಹವೇ ಹಾಗಿರುತ್ತದೆ.

ಡಚ್ಚರ ನಾಡಿನ ಆಲ್ಮೆರೆ ಊರಿನಲ್ಲಿ ಅವನು ದುಡಿಯುವ ಕಾರ್ಖಾನೆಯಲ್ಲಿ ಆಸ್ಪತ್ರೆಯ ಮಂಚ ಏರಿಸಿ ಇಳಿಸುವ ಮೋಟಾರುಗಳು ತಯಾರಾಗುತ್ತಿದ್ದವು. ಕೊಳ್ಳುವವರಲ್ಲಿ ಮುಕ್ಕಾಲು ಪಾಲು ಅಮೆರಿಕದವರು. ಹಡಗಿನಲ್ಲಿ ಸರಕು ತಲುಪಲು ಐದಾರು ವಾರ ಬೇಕು. ಪಕ್ಕದ ಮೆಕ್ಸಿಕೊದಲ್ಲೇ ತಯಾರಿಸಿದರೆ ಲಾರಿಗೆ ಮೂರು ನಾಲ್ಕು ದಿನ ಸಾಕು. ಮೆಕ್ಸಿಕೊದ ಯಾವ ಊರು ಎಂದು ಅಳೆದು ತೂಗುವ ಕೆಲಸ ಉಡುಪಿಯ ಸುಶಾಂತನ ಪಾಲಿಗೆ ಬಂತು. ಊರು ನಿಕ್ಕಿಯಾದರೆ ಆಲ್ಮೆರೆಯ ಇನ್ನೂರ ಹನ್ನೆರಡು ಜನ ಮನೆಗೆ ಹೋಗಬೇಕು. ಆದ್ದರಿಂದ ಎಲ್ಲ ಗುಟ್ಟು. ಬಾಯಿಬಿಟ್ಟರೆ ಅಂದೇ ಕೆಲಸದಿಂದ ವಜಾ ಎಂಬ ಕಾಗದಕ್ಕೆ ನಿರ್ದೇಶಕ ಹೆಂಡ್ರಿಕ್ ಅವನಿಂದ ಸಹಿ ಹಾಕಿಸಿಕೊಂಡಿದ್ದ. ಕೆಲಸ ಹೋದರೆ ವೀಸಾ ಹೋಗುತ್ತದೆ. ಬೈಟನ್‌ವೆಲ್ಡರ್ಟ್‌ನ ಮನೆ, ಮಗಳು ಹಿತಾಳ ಶಾಲೆ, ಎಲ್ಲವನ್ನೂ ಗಂಟು ಕಟ್ಟಬೇಕು.

ಇಂಥ ಕೆಲಸದಲ್ಲಿ ಊರಿನ ನಿಜವಾದ ಹೆಸರನ್ನು ಕಾಗದದ ಮೇಲೆ ಬರೆಯುವುದಿಲ್ಲ, ಗುಟ್ಟಿನ ಹೆಸರಿಡುತ್ತಾರೆ. ಸುಶಾಂತನ ಜಾಣತನ ಎಚ್ಚೆತ್ತದ್ದು ಇಲ್ಲೇ. ಬಂದರಿಗೆ ಹತ್ತಿರದ ಮೆರಿದಾಕ್ಕೆ ಮಲ್ಪೆ ಎಂದಿಟ್ಟ. ಗಡಿಗೆ ಹತ್ತಿರವಾದರೂ ಕಾರು ಕಂಪನಿಗಳು ಕೆಲಸಗಾರರನ್ನು ಸೆಳೆದುಕೊಳ್ಳುವ ಸಾಲ್ಟಿಯೊಗೆ ಕಾಪು ಎಂದಿಟ್ಟ. ಒಳ್ಳೆಯ ತಂತ್ರಜ್ಞರು ಸಿಗುವ ಕೆರೆತಾರೊಗೆ ಕಾರ್ಕಳ. ಕಾರ್ಕಳಕ್ಕೆ ತೊಂಬತ್ತೊಂದು ಅಂಕ, ಮೊದಲ ಸ್ಥಾನ. ಡಚ್ಚರಿಗೆ ಈ ಹೆಸರುಗಳ ತಲೆಬುಡ ತಿಳಿಯುವುದಿಲ್ಲವೆಂದು ಒಳಗೊಳಗೇ ನಕ್ಕಿದ್ದ.

ಕೆಳಮಹಡಿಯಲ್ಲಿ ಮೋಟಾರು ಜೋಡಿಸುವ ಎರಡನೇ ಲೈನಿನಲ್ಲಿ ಅಂಗಾರಣ್ಣ ಇದ್ದಾನೆಂಬುದು ಅವನಿಗೆ ಮರೆತೇಹೋಗಿತ್ತು. ಐವತ್ತೆರಡರ ಅಂಗಾರಣ್ಣ ಕಾರ್ಕಳದವನು. ಹೆಂಡತಿ ಉಮಾವತಿ ನರ್ಸ್ ಆಗಿ ಬಂದಾಗ ಜೊತೆಗೆ ಬಂದವನು. ಎಂಟು ವರ್ಷಗಳಿಂದ ದಿನಾ ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತು ಬುತ್ತಿ ಬಿಚ್ಚುತ್ತಿದ್ದರು. "ಕಾರ್ಕಳದಲ್ಲಿ ಇಂಥ ಒಂದು ಫ್ಯಾಕ್ಟರಿ ಇದ್ದಿದ್ರೆ ನಾನು ಈ ಚಳಿಯಲ್ಲಿ ಎಂತಕ್ಕೆ ಸಾಯ್ಬೇಕಿತ್ತು ಮಾರಾಯ?" ಎಂಬ ಮಾತನ್ನು ಸುಶಾಂತ ನೂರು ಸಲವಾದರೂ ಕೇಳಿರಬೇಕು. ಹೆಸರು ಹುಡುಕುವಾಗ ನಾಲಿಗೆಗೆ ಕಾರ್ಕಳ ಬಂದದ್ದೂ ಅದಕ್ಕೇ ಇರಬಹುದು.

ಆ ಸೋಮವಾರ ಮೇಲ್ಮಹಡಿಯ ಪ್ರಿಂಟರ್ ಕೆಟ್ಟಿತ್ತು. ಸುಶಾಂತ ಯೋಚಿಸದೆ ಬೇರೊಂದು ಪ್ರಿಂಟರಿನ ಹೆಸರು ಒತ್ತಿದ. ಊರುಗಳ ಅಂಕಪಟ್ಟಿಯ ಹಾಳೆ ಹೋಗಿ ಬಿದ್ದದ್ದು ಕ್ಯಾಂಟೀನಿನ ಕಾಫಿ ಯಂತ್ರದ ಪಕ್ಕದ ಪ್ರಿಂಟರಿನಲ್ಲಿ. ಅರಿವಾಗಿ ಮೆಟ್ಟಿಲಿಗೆ ಓಡಿಬರುವಷ್ಟರಲ್ಲಿ ಅಂಗಾರಣ್ಣ ಹಾಳೆ ಹಿಡಿದು ಕುರ್ಚಿಯ ಮೇಲೆ ನಿಂತಾಗಿತ್ತು. ಇನ್ನೊಂದು ಕೈಯಲ್ಲಿ ಬಾಳೆಕಾಯಿ ಚಿಪ್ಸಿನ ಡಬ್ಬಿ. ಸಂತೋಷದ ಸುದ್ದಿಯಿದ್ದವರು ಎಲ್ಲರಿಗೂ ತಿನ್ನಲು ಕೊಡುವುದು ಆ ದೇಶದ ರೂಢಿ.

"ಕಾರ್ಕಳ! ನನ್ನ ಊರು!" ಅವನು ಹರಕು ಡಚ್ಚಿನಲ್ಲಿ ಕೂಗುತ್ತಿದ್ದ. "ಅಕ್ಟೋಬರಿನಲ್ಲಿ ನಮ್ಮ ಕಂಪನಿ ಅಲ್ಲಿ ಶುರು!"

ಆ ಒಂದು ಹೆಸರು, ಅದರ ಮುಂದಿದ್ದ ತಿಂಗಳು ಇವೆರಡನ್ನು ಬಿಟ್ಟು ಅವನ ಕಣ್ಣು ಬೇರೇನನ್ನೂ ಓದಿರಲಿಲ್ಲ. ಇಪ್ಪತ್ತಾರು ವರ್ಷ ಅಲ್ಲೇ ದುಡಿದ ಗೆರಿಟ್ ಹಾಳೆ ಕಿತ್ತುಕೊಂಡು ತಲೆಬರಹ ಓದಿದ: ನಾಲ್ಕೂ ಲೈನುಗಳ ಸ್ಥಳಾಂತರ.

"ಬರುವ ಅಕ್ಟೋಬರಿನಿಂದಾಚೆಗೆ ಬಿಡಿಭಾಗಕ್ಕೆ ಯಾಕೆ ಆರ್ಡರ್ ಹಾಕಿಲ್ಲ ಅಂತ ಈಗ ಗೊತ್ತಾಯ್ತು," ಎಂದ ಗೆರಿಟ್. "ಮೇಲಿನ ಆಫೀಸಿನಲ್ಲಿ ನಿಮ್ಮವನೊಬ್ಬ, ಕೆಳಗೆ ನೀನೊಬ್ಬ. ಇಬ್ಬರೂ ಸೇರಿ ನಮ್ಮ ಅನ್ನವನ್ನು ನಿಮ್ಮ ಹಳ್ಳಿಗೆ ಸಾಗಿಸ್ತಿದ್ದೀರಿ."

ಅಂಗಾರಣ್ಣ ಇನ್ನೂ ನಗುತ್ತಲೇ ಡಬ್ಬಿ ಮುಂದೆ ಚಾಚಿದ್ದ. ಗೆರಿಟ್ ಕುರ್ಚಿಗೆ ಒದ್ದ. ಅಂಗಾರಣ್ಣನ ಗಲ್ಲ ಮೇಜಿನ ಅಂಚಿಗೆ ಬಡಿದು, ಚಿಪ್ಸಿನ ಜೊತೆಗೆ ಎರಡು ಹಲ್ಲುಗಳೂ ನೆಲಕ್ಕೆ ಚೆಲ್ಲಿದವು. ಏಳಹೋದವನ ಪಕ್ಕೆಗೆ ಯಾರದೋ ಬೂಟು ಬಿತ್ತು. ಆಮೇಲೆ ಯಾರು ಯಾರೆಂದು ಹೇಳುವಂತಿರಲಿಲ್ಲ. ನಿನ್ನೆಯವರೆಗೆ ಜೊತೆಗೆ ಕಾಫಿ ಕುಡಿದವರು ಸುತ್ತ ನಿಂತು ಒದೆಯುತ್ತಿದ್ದರು. ಇನ್ನೂರ ಹನ್ನೆರಡು ಮನೆಗಳ ಸಿಟ್ಟು ಒಬ್ಬನ ಬೆನ್ನಿನ ಮೇಲೆ ಬಿತ್ತು.

ಸುಶಾಂತ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತಿದ್ದ. ಹಿಂದಿನಿಂದ ಹೆಂಡ್ರಿಕ್ ಪಿಸುಗುಟ್ಟಿದ: "ಪೊಲೀಸರಿಗೆ ಹೇಳಿದ್ದೇನೆ. ಘೋಷಣೆ ಗುರುವಾರ. ನೀನು ಬಾಯಿ ಬಿಡಬೇಡ."

ಕಾಲುಗಳ ಸಂದಿಯಿಂದ ಅಂಗಾರಣ್ಣನ ಮುಖ ಕಂಡಿತು, ನೆತ್ತರಲ್ಲಿ ಮಿಂದ ಮುಖ.

"ಸುಶಾಂತಾ! ನೀನೇ ಹೇಳು ಮಾರಾಯ ಇವರಿಗೆ! ಇದು ಎಂತದು ಅಂತ ಹೇಳು!"

ಒದೆ ನಿಂತಿತು. ಎಲ್ಲರೂ ಮೇಲೆ ನೋಡಿದರು. ಅದು ಕಾರ್ಕಳವಲ್ಲ ಎಂಬ ಒಂದು ಮಾತು ಸಾಕಿತ್ತು. ಸುಶಾಂತನ ಕಣ್ಣ ಮುಂದೆ ವೀಸಾ ಬಂತು, ಸಹಿ ಹಾಕಿದ ಕಾಗದ ಬಂತು, ಸೈಕಲ್ ಮೇಲೆ ಶಾಲೆಗೆ ಹೋಗುವ ಹಿತಾ ಬಂದಳು.

"ನನಗೆ ಗೊತ್ತಿಲ್ಲ," ಎಂದ ಅವನು, ಸ್ಪಷ್ಟವಾದ ಡಚ್ಚಿನಲ್ಲಿ.

ಗೆರಿಟ್ ತಿರುಗಿ, ನೆಲಕ್ಕೆ ಊರಿದ್ದ ಅಂಗಾರಣ್ಣನ ಬಲಗೈ ಮೇಲೆ ಕಬ್ಬಿಣದ ಮೂತಿಯ ಬೂಟಿನಿಂದ ಮೆಟ್ಟಿದ. ಲಟಕ್ಕೆಂದ ಸದ್ದು ಮೆಟ್ಟಿಲವರೆಗೂ ಕೇಳಿಸಿತು. ಆ ಮೇಲೆ ಬಂದ ಚೀತ್ಕಾರ ಮನುಷ್ಯನದು ಅನ್ನಿಸಲಿಲ್ಲ.

"ಕಾರ್ಕಳ ಅಲ್ಲ!" ಸುಶಾಂತ ಕಿರುಚಿದ. "ಕೆರೆತಾರೊ! ಮೆಕ್ಸಿಕೊ! ಹೆಸರಿಟ್ಟದ್ದು ನಾನು! ಅವನಿಗೆ ಏನೂ ಗೊತ್ತಿಲ್ಲ, ಬಿಡಿ ಅವನನ್ನ!"

ಮರುಗಳಿಗೆ ಹೆಂಡ್ರಿಕ್ ಮೇಲಕ್ಕೆ ಓಡಿದ, ಜನ ಅವನ ಹಿಂದೆ ನುಗ್ಗಿದರು. ಸುಶಾಂತನನ್ನು ಗೋಡೆಗೆ ತಳ್ಳಿ ದಾಟಿಹೋದರೇ ಹೊರತು ಯಾರೂ ಅವನ ಮೇಲೆ ಕೈ ಮಾಡಲಿಲ್ಲ. ಮೇಲೆ ಗಾಜು ಒಡೆಯತೊಡಗಿತು.

ಅವನು ಇಳಿದು ಬಂದು ಅಂಗಾರಣ್ಣನ ಪಕ್ಕ ಮಂಡಿಯೂರಿದ. ಬಲಗೈಯ ಮಧ್ಯದ ಎರಡು ಬೆರಳು ಹಿಂದಕ್ಕೆ ಮಡಚಿಕೊಂಡಿದ್ದವು.

"ಕಾರ್ಕಳದಲ್ಲಿ ಎಂತದೂ ಇಲ್ವಾ ಹಾಗಾದ್ರೆ?"

"ಇಲ್ಲ ಅಂಗಾರಣ್ಣ. ಅದು ಬರೀ ಹೆಸರು. ಇಲ್ಲಿ ಯಾರಿಗೂ ಅರ್ಥ ಆಗ್ಬಾರ್ದು ಅಂತ ಇಟ್ಟದ್ದು."

"ಯಾರಿಗೂ?" ಅಂಗಾರಣ್ಣ ನೆತ್ತರು ಉಗಿದ. "ಎಂಟು ವರ್ಷ ನಿನ್ನೆದುರು ಕೂತು ಉಂಡೆ. ನಾನು ಲೆಕ್ಕಕ್ಕೇ ಇಲ್ವಾ ನಿಂಗೆ?"

ಅಂಗಾರಣ್ಣ ಅದೇ ಮುರಿದ ಕೈ ಎತ್ತಿ ಸುಶಾಂತನ ಕೆನ್ನೆಗೆ ಬಾರಿಸಿದ. ಏಟು ತಿಂದವನಿಗೆ ಅಷ್ಟೇನೂ ನೋವಾಗಲಿಲ್ಲ; ಹೊಡೆದವನು ನೋವಿಗೆ ಊಳಿಟ್ಟ. ಆಮೇಲೆ ಎಡಗೈಯಿಂದ ಜೇಬು ತಡಕಾಡಿ ಫೋನ್ ತೆಗೆದು, ನಂಬರ್ ಒತ್ತಿ, ಸುಶಾಂತನ ಎದೆಗೆ ತಳ್ಳಿದ.

"ಆಗ್ಲೇ ಉಮಾವತಿಗೆ ಹೇಳಿಬಿಟ್ಟಿದ್ದೇನೆ. ನೀನೇ ಹೇಳು ಈಗ, ಹೆಸರು ಇಟ್ಟವ."

ನೆತ್ತರಿನಿಂದ ಕೈಗೆ ಅಂಟುತ್ತಿದ್ದ ಫೋನನ್ನು ಸುಶಾಂತ ಕಿವಿಗಿಟ್ಟ. ಬಾಯಿ ತೆರೆಯುವ ಮೊದಲೇ ಉಮಾವತಿಯ ನಗು ಕೇಳಿಸಿತು.

"ಅಮ್ಮನಿಗೆ ಫೋನ್ ಮಾಡಿ ಆಯ್ತು ಮಾರಾಯ್ರೇ, ಅಕ್ಟೋಬರಿಗೆ ಊರಿಗೇ ಬರ್ತೇವೆ ಅಂತ. ಖುಷಿಯಲ್ಲಿ ಅಳ್ತಾ ಇದ್ರು. ಹಲೋ? ಕೇಳ್ತಾ ಉಂಟಾ?"