ಹಿಂದಿನ ಪೆಟ್ಟಿಗೆಯ ಆಯಿಲ್

ತಮಿಳು ಸೀಮೆಯಲ್ಲಿ, ಪಾಪಿರೆಡ್ಡಿಪಟ್ಟಿಯಿಂದ ಹರೂರಿಗೆ ಹೋಗುವ ರಸ್ತೆಯಲ್ಲಿ ಗೋವಿಂದರಾಜುವಿನ ವರ್ಕ್‌ಶಾಪಿದೆ. ಇಪ್ಪತ್ತೆಂಟು ವರ್ಷಗಳಿಂದ ಅವನು ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದಾನೆ. ಗೇರ್ ಪೆಟ್ಟಿಗೆಯ ಸದ್ದು ಕೇಳಿಯೇ ಯಾವ ಹಲ್ಲು ಸವೆದಿದೆ ಎಂದು ಹೇಳುತ್ತಾನೆಂದು ಅವನಿಗೆ ಹೆಸರು. ಕಡಯಂಪಟ್ಟಿಯ ಕಡೆಯವರು ಕೂಡ ಬೆಟ್ಟ ಸುತ್ತಿಕೊಂಡು ಅವನನ್ನು ಹುಡುಕಿಕೊಂಡು ಬರುತ್ತಾರೆ. ಆ ಹೆಸರಿನ ಮೇಲೆ ಎಲ್ಲರಿಗಿಂತ ಹೆಚ್ಚು ನಂಬಿಕೆ ಇದ್ದದ್ದು ಅವನಿಗೇ.

ಹೋದ ವರ್ಷ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ರಾಜಗೋಪಾಲ್ ಅವನ ಬಳಿಗೆ ಒಂದು ಏಟಿವಿ ತಂದ. ದಪ್ಪ ಟೈರುಗಳ, ಬೈಕಿನ ಹಾಗೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ. ಸಿತ್ತೇರಿ ಬೆಟ್ಟದ ಮೇಲಿನ ಮಾಂಪಾಡಿಯಿಂದ ಡಾಂಬರು ರಸ್ತೆಗೆ ನಾಲ್ಕು ಕಿಲೋಮೀಟರ್ ಕಲ್ಲುದಾರಿ, ಜೀಪು ಹತ್ತುವುದಿಲ್ಲ. ಮೊದಲೆಲ್ಲ ಕಾಯಿಲೆಯವರನ್ನು ಡೋಲಿ ಕಟ್ಟಿ ಹೊತ್ತು ಇಳಿಸುತ್ತಿದ್ದರು. ಒಂದು ಟ್ರಸ್ಟಿನವರು ಈ ಗಾಡಿ ಕೊಂಡು, ಹಿಂದೆ ಉದ್ದನೆಯ ಸೀಟು, ಹಿಡಿದುಕೊಳ್ಳಲು ಕಂಬಿ ಹಾಕಿಸಿ, ರಾಜಗೋಪಾಲನನ್ನು ಡ್ರೈವರ್ ಮಾಡಿದ್ದರು. ಅವನು ಗೋವಿಂದರಾಜುವಿನ ಪಕ್ಕದ ಊರಿನವನೇ, ಕನ್ನಡ ಮಾತಾಡುವ ಮನೆಯವನು. ಮೂವತ್ತರ ಆಸುಪಾಸಿನ, ಹೆಚ್ಚು ಮಾತಿಲ್ಲದ ಮನುಷ್ಯ. ಎರಡು ವರ್ಷದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಅವನು ಕೆಳಗಿಳಿಸಿದ್ದ.

ಗಾಡಿಯ ಹಿಂದಿನ ಗೇರ್ ಪೆಟ್ಟಿಗೆಯಿಂದ ಆಯಿಲ್ ಸೋರುತ್ತಿತ್ತು. ಗೋವಿಂದರಾಜು ಒಂದು ಗಂಟೆಯೊಳಗೆ ಹಳೆಯ ಸೀಲ್ ತೆಗೆದು ಹೊಸದು ಕೂರಿಸಿದ. ಉಳಿದದ್ದು ಆಯಿಲ್ ತುಂಬುವ ಕೆಲಸ. ಯಾವ ಆಯಿಲ್ ಎಂದು ಬರೆದಿದ್ದ ಸ್ಟಿಕ್ಕರು ಕಲ್ಲಿಗೆ ಉಜ್ಜಿ ಉಜ್ಜಿ ಅಳಿಸಿಹೋಗಿತ್ತು. ಕಂಪನಿಯ ಸರ್ವಿಸ್‌ನವರಿಗೆ ಫೋನು ಮಾಡಿ ಕೇಳೋಣವೇ ಎಂದು ರಾಜಗೋಪಾಲ್ ಕೇಳಿದ. ಗೇರಿಗೆ ಯಾವ ಆಯಿಲ್ ಎಂದು ಇನ್ನೊಬ್ಬರನ್ನು ಕೇಳುವ ಕಾಲ ತನಗೆ ಬಂದಿಲ್ಲ ಎಂದು ಗೋವಿಂದರಾಜು ನಕ್ಕ.

ಅವನ ಶೆಲ್ಫಿನಲ್ಲಿ ಎರಡು ಬಗೆಯ ಆಯಿಲ್ ಇತ್ತು. ಒಂದು ನೈಂಟಿ, ಜೇನಿನಷ್ಟು ಮಂದ. ಲಾರಿ, ಹಳೆಯ ಟ್ರ್ಯಾಕ್ಟರ್ ಎಲ್ಲದರ ಗೇರಿಗೂ ಅದೇ. ಇನ್ನೊಂದು ತೆಳುವಾದದ್ದು, ಈಗಿನ ಆಯಿಲ್ ಬ್ರೇಕ್ ಟ್ರ್ಯಾಕ್ಟರುಗಳಿಗೆ ಹಾಕುವಂಥದ್ದು. ಆ ಟ್ರ್ಯಾಕ್ಟರುಗಳಲ್ಲಿ ಬ್ರೇಕಿನ ಪ್ಲೇಟುಗಳು ಗೇರಿನ ಜೊತೆಯಲ್ಲೇ ಆಯಿಲಿನೊಳಗೆ ಮುಳುಗಿರುತ್ತವೆ. ನೈಂಟಿ ಹಾಕಿದರೆ ಪ್ಲೇಟು ಜಾರುತ್ತದೆ, ಬ್ರೇಕು ಹಿಡಿಯುವುದಿಲ್ಲ. ಇದು ಗೋವಿಂದರಾಜುವಿಗೆ ಚೆನ್ನಾಗಿಯೇ ಗೊತ್ತಿತ್ತು.

ಅವನು ಮೊದಲು ತೆಳುವಾದ ಆಯಿಲಿನ ಡಬ್ಬಿಯನ್ನೇ ಕೈಗೆತ್ತಿಕೊಂಡ. ಮತ್ತೆ ಯೋಚಿಸಿದ. ಇದು ಟ್ರ್ಯಾಕ್ಟರಲ್ಲ, ಬೈಕಿನ ಜಾತಿಯದು. ಮುಂದಿನ ಬ್ರೇಕುಗಳು ಚಕ್ರದಲ್ಲೇ ಕಾಣುತ್ತಿವೆ, ಹಿಂದಿನದೂ ಅಲ್ಲೇ ಎಲ್ಲೋ ಇರುತ್ತದೆ. ಬೆಟ್ಟ ಹತ್ತುವ ಗಾಡಿ, ಮೂರು ಜನರ ಭಾರ, ಗೇರಿನ ಹಲ್ಲಿಗೆ ಮಂದವಾದ ಆಯಿಲೇ ಒಳ್ಳೆಯದು. ಆ ಡಬ್ಬಿಯನ್ನು ಶೆಲ್ಫಿಗೆ ಇಟ್ಟು ನೈಂಟಿ ತೆಗೆದುಕೊಂಡ.

“ಮೊದ್ಲಿದ್ದುದ್ದು ತಲೆಗೆ ಅಚ್ಚೋ ಎಣ್ಣೆ ತರ ತೆಳ್ಳಗಿತ್ತಣ್ಣ,” ಎಂದ ರಾಜಗೋಪಾಲ್.

“ನೀರು ಸೇರಿರ್ತೈತೆ. ಅಳೇದಾದ್ರೆ ಅಂಗೇ ಆಗೋದು,” ಎಂದು ಗೋವಿಂದರಾಜು ಆಯಿಲ್ ಸುರಿದ.

ಎರಡು ದಿನ ಬಿಟ್ಟು ರಾಜಗೋಪಾಲ್ ಫೋನು ಮಾಡಿ, ಹಿಂದಿನ ಬ್ರೇಕು ಮೆತ್ತಗೆ ಹಿಡಿಯುತ್ತಿದೆ ಎಂದ. ಕೇಬಲ್ ಸ್ವಲ್ಪ ಬಿಗಿ ಮಾಡಿಕೋ ಎಂದು ಗೋವಿಂದರಾಜು ಹೇಳಿದ. ಅವನ ಮುಂದೆ ಒಂದು ಎಂಜಿನ್ ಬಿಚ್ಚಿ ಹರಡಿತ್ತು. ಆ ಮಾತನ್ನು ಅವನು ಅಲ್ಲಿಗೇ ಮರೆತ.

ನಾಲ್ಕನೆಯ ದಿನ ಬೆಳಗ್ಗೆ ಮಾಂಪಾಡಿಯ ರಾಜಾತಿ ಎಂಬ ತುಂಬು ಬಸುರಿಗೆ ನೋವು ಶುರುವಾಯಿತು. ರಾಜಗೋಪಾಲ್ ಅವಳನ್ನೂ ನರ್ಸ್ ಕಾರ್ತಿಕಾಳನ್ನೂ ಕೂರಿಸಿಕೊಂಡು ಇಳಿಯತೊಡಗಿದ. ಅರ್ಧ ದಾರಿಯಲ್ಲಿ ಹಿಂದಿನ ಬ್ರೇಕು ಕೈಬಿಟ್ಟಿತು. ಲಿವರ್ ಎಷ್ಟು ಒತ್ತಿದರೂ ಗಾಡಿ ನಿಲ್ಲಲಿಲ್ಲ. ಮುಂದಿನದನ್ನು ಒತ್ತಿದರೆ ಚಕ್ರ ಜಲ್ಲಿಯ ಮೇಲೆ ಜಾರಿತು. ತಿರುವಿನಲ್ಲಿ ಅವನು ಗಾಡಿಯನ್ನು ಬೆಟ್ಟದ ಬದಿಯ ದಿಣ್ಣೆಗೆ ತಿರುಗಿಸಿ ಗುದ್ದಿಸಿದ. ಗಾಡಿ ಮಗುಚಿ ಅವನ ಎಡಗಾಲಿನ ಮೇಲೆ ಬಿತ್ತು. ಹೆಂಗಸರಿಬ್ಬರೂ ಲಂಟಾನ ಪೊದೆಯೊಳಗೆ ಬಿದ್ದರು. ಕಾರ್ತಿಕಾಳ ಹಣೆ ಒಡೆಯಿತು. ಮಾಂಪಾಡಿಯ ಜನ ಓಡಿಬಂದು ಹಳೆಯ ಕಾಲದ ಹಾಗೆ ಡೋಲಿ ಕಟ್ಟಿ ರಾಜಾತಿಯನ್ನು ಹೊತ್ತೊಯ್ದರು. ಆ ಮಧ್ಯಾಹ್ನ ಹರೂರಿನ ಆಸ್ಪತ್ರೆಯಲ್ಲಿ ಅವಳಿಗೆ ಹೆಣ್ಣು ಮಗು ಹುಟ್ಟಿತು. ಮಗುವೂ ತಾಯಿಯೂ ಉಳಿದರು.

ರಾಜಗೋಪಾಲನ ಕಾಲು ಎರಡು ಕಡೆ ಮುರಿದಿತ್ತು. ರಾಜಾತಿಯ ಗಂಡ ಪೆರುಮಾಳ್ ಆಸ್ಪತ್ರೆಯ ವರಾಂಡದಲ್ಲಿ ನಿಂತು, ಇವನು ಕುಡಿದು ಓಡಿಸಿದ್ದಾನೆ ಎಂದು ಕೂಗಾಡಿದ. ಟ್ರಸ್ಟಿನ ಮ್ಯಾನೇಜರ್ ಪ್ರೇಮ್‌ಕುಮಾರ್ ಬಂದು ವಿಚಾರಿಸಿ, ಕುಡಿದಿರಲಿಲ್ಲ ಎಂದು ತಿಳಿದ ಮೇಲೂ, ಬ್ರೇಕು ಹಿಡಿಯಲಿಲ್ಲ ಎಂಬ ಅವನ ಮಾತು ನಂಬದೆ, ವೇಗವಾಗಿ ಬಂದದ್ದಂತೂ ಹೌದು ಎಂದು ತೀರ್ಮಾನಿಸಿದ. ಇನ್ನು ಕೆಲಸಕ್ಕೆ ಬರುವುದು ಬೇಡ ಎಂದು ಹೇಳಿ ಹೋದ.

ಈ ಸುದ್ದಿ ಗೋವಿಂದರಾಜುವಿಗೂ ಮುಟ್ಟಿತು. ಅವನು ನೊಂದುಕೊಂಡ. ಅಷ್ಟು ನಿಧಾನದ ಮನುಷ್ಯ ಹೀಗೇಕೆ ಓಡಿಸಿದ ಎಂದು ಹೆಂಡತಿ ಗೋವಿಂದಮ್ಮನ ಹತ್ತಿರ ಹೇಳಿಕೊಂಡ.

ವಾರ ಕಳೆದು ಗಾಡಿಯನ್ನು ಒಂದು ಟೆಂಪೋದಲ್ಲಿ ಹಾಕಿ ಅವನ ವರ್ಕ್‌ಶಾಪಿಗೇ ತಂದರು. ಬಗ್ಗಿದ ಹ್ಯಾಂಡಲ್, ಒಡೆದ ಕಂಬಿ ಎಲ್ಲ ಸರಿ ಮಾಡಬೇಕಿತ್ತು. ಗೋವಿಂದರಾಜು ಮೊದಲು ಬ್ರೇಕು ನೋಡಿದ. ಮುಂದಿನವು ಸರಿಯಾಗಿದ್ದವು. ಹಿಂದಿನದನ್ನು ನೋಡಲು ಚಕ್ರ ಬಿಚ್ಚಿದ. ಅಲ್ಲಿ ಬ್ರೇಕು ಇರಲಿಲ್ಲ. ಇನ್ನೊಂದು ಚಕ್ರ ಬಿಚ್ಚಿದ. ಅಲ್ಲೂ ಇರಲಿಲ್ಲ. ಲಿವರಿನಿಂದ ಹೊರಟ ಕೇಬಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಹಿಂಬಾಲಿಸಿದ. ಅದು ಹೋಗಿ ಗೇರ್ ಪೆಟ್ಟಿಗೆಯೊಳಗೆ ಸೇರಿತ್ತು.

ಅವನ ಕೈ ಅಲ್ಲೇ ನಿಂತಿತು. ರಸ್ತೆಯ ಮೇಲೆ ಹರೂರಿನ ಬಸ್ಸು ಹೋದದ್ದು ಕಣ್ಣಿಗೆ ಕಂಡಿತೇ ಹೊರತು ಕಿವಿಗೆ ಕೇಳಲಿಲ್ಲ. ಪೆಟ್ಟಿಗೆಯ ಬೋಲ್ಟುಗಳನ್ನು ಬಿಚ್ಚಿದ. ಮುಚ್ಚಳ ತೆಗೆದ. ಒಳಗೆ, ಅವನೇ ಸುರಿದ ನೈಂಟಿಯಲ್ಲಿ ಮುಳುಗಿಕೊಂಡು, ಒಂದರ ಪಕ್ಕ ಒಂದು ಬ್ರೇಕ್ ಪ್ಲೇಟುಗಳಿದ್ದವು. ಅವನು ದಿನವೂ ನೋಡುವ ಟ್ರ್ಯಾಕ್ಟರಿನಂಥವೇ, ಅಳತೆ ಮಾತ್ರ ಚಿಕ್ಕದು.

ಗೋವಿಂದರಾಜು ನೆಲದ ಮೇಲೆ ಕೂತುಬಿಟ್ಟ. ಗೋವಿಂದಮ್ಮ ಊಟಕ್ಕೆ ಕರೆಯಲು ಬಂದಾಗ, ಎಣ್ಣೆಯ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಹಾಗೇ ಕೂತಿದ್ದ. ಅವಳು ಮೈ ಸರಿಯಿಲ್ಲವೆಂದುಕೊಂಡು ನೀರು ತಂದಳು. ಅವನು ಕುಡಿಯದೆ ಚೊಂಬನ್ನು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದ.

ಆದರೂ ಅವನ ಮನಸ್ಸು ಪೂರ್ತಿ ಒಪ್ಪಲಿಲ್ಲ. ಬೇರೆ ಕಾರಣವೂ ಇರಬಹುದಲ್ಲ ಎಂದು ಒಂದು ಆಸೆ. ಮಾರನೆಯ ದಿನ ಹ್ಯಾಂಡಲ್ ನೇರ ಮಾಡಿ, ಪೆಟ್ಟಿಗೆ ಮುಚ್ಚಿ ಅದೇ ನೈಂಟಿ ತುಂಬಿ, ಹಿಂದಿನ ಸೀಟಿಗೆ ಎರಡು ಮರಳು ಚೀಲ ಕಟ್ಟಿ, ಹತ್ತಿರದ ಪಾಳು ಕಲ್ಲುಕ್ವಾರಿಗೆ ಗಾಡಿ ತೆಗೆದುಕೊಂಡು ಹೋದ. ಮೊದಲೆರಡು ಸಲ ಇಳಿಜಾರಿನಲ್ಲಿ ಬ್ರೇಕು ಸುಮಾರಾಗಿ ಹಿಡಿಯಿತು. ಆಯಿಲ್ ಕಾದ ಮೇಲೆ, ಐದನೆಯ ಸಲ, ಲಿವರನ್ನು ಪೂರ್ತಿ ಒತ್ತಿದರೂ ಗಾಡಿ ಅವನನ್ನು ಹೊತ್ತುಕೊಂಡು ಕೆಳಗೆ ಓಡಿತು. ಕ್ವಾರಿಯ ತಳದ ಸಮನೆಲ ಬಂದದ್ದರಿಂದ ಬದುಕಿದ. ವರ್ಕ್‌ಶಾಪಿಗೆ ಬಂದು ಕಂಪನಿಯ ಸರ್ವಿಸ್‌ನವರಿಗೆ ಫೋನು ಮಾಡಿದ. ಅವರು ಒಂದೇ ನಿಮಿಷದಲ್ಲಿ ಹೇಳಿದರು: ಆಯಿಲ್ ಬ್ರೇಕಿಗೆ ಹಾಕುವ ಆಯಿಲ್ ಮಾತ್ರ, ನೈಂಟಿ ಬೇಡವೇ ಬೇಡ. ಪೆಟ್ಟಿಗೆ ತೊಳೆದು, ಪ್ಲೇಟುಗಳನ್ನು ಬದಲಾಯಿಸಿ, ಶೆಲ್ಫಿನಲ್ಲಿದ್ದ ತೆಳುವಾದ ಆಯಿಲನ್ನೇ ತುಂಬಿ ಮತ್ತೆ ಕ್ವಾರಿಗೆ ಹೋದ. ಹತ್ತು ಸಲ ಇಳಿದ. ಹತ್ತು ಸಲವೂ ಗಾಡಿ ಒತ್ತಿದ ಜಾಗದಲ್ಲೇ ನಿಂತಿತು.

ಆ ಸಂಜೆ ಗೋವಿಂದಮ್ಮ ಹೆದರಿದ್ದಳು. “ನೀನು ಓಗಿ ಏಳಿದ್ರೆ ಪೋಲೀಸ್ ಕೇಸ್ ಆಯ್ತೈತೆ. ನಾಳೆಯಿಂದ ಯಾರು ಬತ್ತಾರೆ ನಿನ್ನತ್ರ?” ಎಂದಳು. ಅವನು ಬೆಳಗ್ಗೆ ಹಾಕಿಕೊಳ್ಳಲು ಒಗೆದ ಅಂಗಿ ತೆಗೆದಿಟ್ಟ. ಅವಳು ಒಲೆ ಆರಿಸಿ ಬಂದು, “ಓಗೋದಾದ್ರೆ ನಾನೂ ಬತ್ತೀನಿ. ಒಬ್ನೇ ಓಗ್ಬೇಡ,” ಎಂದಳು.

ಬೆಳಗ್ಗೆ ಇಬ್ಬರೂ ಹರೂರಿನ ಆಸ್ಪತ್ರೆಗೆ ಹೋದರು. ರಾಜಗೋಪಾಲ್ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ. ಗಡ್ಡ ಬೆಳೆದು ಮುಖ ಇಳಿದುಹೋಗಿತ್ತು. ಗೋವಿಂದರಾಜು ಮಂಚದ ಪಕ್ಕ ನಿಂತೇ ಎಲ್ಲ ಹೇಳಿದ. ಎರಡು ಡಬ್ಬಿಯಲ್ಲಿ ತಾನು ಯಾವುದನ್ನು ತೆಗೆದೆ, ಯಾವುದನ್ನು ಇಟ್ಟೆ ಎಂಬುದನ್ನೂ ಬಿಡಲಿಲ್ಲ. ರಾಜಗೋಪಾಲ್ ಬೈಯುತ್ತಾನೆ, ಅಳುತ್ತಾನೆ ಎಂದುಕೊಂಡಿದ್ದ. ಅವನು ಎರಡೂ ಮಾಡಲಿಲ್ಲ. ಗೋವಿಂದರಾಜುವಿನ ಮುಖ ನೋಡಿ ಕೇಳಿದ:

“ನಾನು ಬ್ರೇಕ್ ಇಡಿದಿದ್ದೆ ಅಲ್ವಾಣ್ಣ?”

“ಇಡಿದಿದ್ದೆ ಕಣಪ್ಪ. ಅದು ಇಡೀಲಿಲ್ಲ.”

“ಎಲ್ರೂ ಏಳಿ ಏಳಿ, ನಾನೇ ಇಡೀಲಿಲ್ವೇನೋ ಅನ್ಕೊಂಡ್ಬಿಟ್ಟಿದ್ದೆ,” ಎಂದ ರಾಜಗೋಪಾಲ್. ಆಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ.

ಗೋವಿಂದರಾಜುವಿಗೆ ಪೆಟ್ಟಿಗೆ ತೆರೆದಾಗ ಆದದ್ದಕ್ಕಿಂತ ದೊಡ್ಡ ಏಟು ಬಿದ್ದದ್ದು ಆಗ. ಕಾಲು ಮುರಿದದ್ದು ಅವನಿಗೆ ಗೊತ್ತಿತ್ತು. ಒಬ್ಬ ಮನುಷ್ಯ ತನ್ನ ಕೈಯ ಮೇಲೆ ತಾನೇ ನಂಬಿಕೆ ಕಳೆದುಕೊಂಡು ಹತ್ತು ದಿನ ಹೀಗೆ ಮಲಗಿದ್ದಾನೆಂದು ಗೊತ್ತಿರಲಿಲ್ಲ.

ಅಲ್ಲಿಂದ ಅವನು ಟ್ರಸ್ಟಿನ ಆಫೀಸಿಗೆ ಹೋದ. ಪ್ರೇಮ್‌ಕುಮಾರ್ ಕೇಳುತ್ತಾ ಕೇಳುತ್ತಾ ಪೆನ್ನು ಕೆಳಗಿಟ್ಟ. ಬರೆದುಕೊಡುತ್ತೀರಾ ಎಂದು ಕೇಳಿದ. ಗೋವಿಂದರಾಜು ತಮಿಳಿನಲ್ಲಿ ಒಂದೂವರೆ ಪುಟ ಬರೆದು ಸಹಿ ಹಾಕಿದ. ಕನ್ನಡ ಅವನಿಗೆ ಬಾಯಲ್ಲಿ ಮಾತ್ರ ಇತ್ತು. ಪ್ರೇಮ್‌ಕುಮಾರ್ ಕಾಗದ ಓದಿ, ತಾನೂ ಸರಿಯಾಗಿ ವಿಚಾರಿಸದೆ ಒಬ್ಬನನ್ನು ಕೆಲಸದಿಂದ ತೆಗೆದೆ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಪೆರುಮಾಳನನ್ನು ಕರೆಸಿ ಅವನಿಗೂ ತಿಳಿಸಿದರು. ಅವನು ಗೋವಿಂದರಾಜುವಿನತ್ತ ನೋಡಲೂ ಇಲ್ಲ. ನೇರ ಆಸ್ಪತ್ರೆಗೆ ಹೋಗಿ ರಾಜಗೋಪಾಲನ ಕೈ ಹಿಡಿದುಕೊಂಡು ಕೂತಿದ್ದನಂತೆ.

ಕೇಸು ಆಗಲಿಲ್ಲ. ಆದರೆ ಒಂದೆರಡು ತಿಂಗಳು ವರ್ಕ್‌ಶಾಪಿಗೆ ಗಾಡಿಗಳು ಕಡಿಮೆ ಬಂದವು. ಬಂದವರ ಮುಂದೆ ಗೋವಿಂದರಾಜು ಈಗ ಗಾಡಿಯ ಕಂಪನಿಯ ಪುಸ್ತಕ ತೆಗೆದು ನೋಡಿ, ಬೇಕಾದರೆ ಫೋನು ಮಾಡಿ ಕೇಳಿ, ಆಮೇಲೆ ಆಯಿಲ್ ಹಾಕುತ್ತಿದ್ದ. ಕೆಲವರಿಗೆ ಅದೂ ತಮಾಷೆಯಾಗಿತ್ತು.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ರಾಜಗೋಪಾಲ್ ಮತ್ತೆ ಕೆಲಸಕ್ಕೆ ಸೇರಿದ. ಕಾಲು ಸ್ವಲ್ಪ ಕುಂಟುತ್ತಿತ್ತು. ಮೊದಲ ದಿನ ಗಾಡಿಯನ್ನು ವರ್ಕ್‌ಶಾಪಿನ ಮುಂದೆ ನಿಲ್ಲಿಸಿ, ಹಿಂದಿನ ಸೀಟು ತೋರಿಸಿ, “ಅತ್ತಣ್ಣ,” ಎಂದ. ಗೋವಿಂದರಾಜು ಕೈ ಒರೆಸಿಕೊಂಡು ಹತ್ತಿ ಕೂತ. ಇಷ್ಟು ವರ್ಷ ಆ ಬೆಟ್ಟದ ಬುಡದಲ್ಲೇ ಇದ್ದರೂ ಅವನು ಮಾಂಪಾಡಿಯ ದಾರಿಯನ್ನು ಒಮ್ಮೆಯೂ ನೋಡಿರಲಿಲ್ಲ.

ಹತ್ತುವಾಗ ಮೇಲಷ್ಟೇ ನೋಡುತ್ತಿದ್ದ. ಇಳಿಯುವಾಗ ಕೆಳಗಿನ ಕಮರಿ ಕಂಡಿತು. ಆ ತಿರುವು ಬಂದಾಗ ರಾಜಗೋಪಾಲ್ ಬ್ರೇಕು ಒತ್ತಿ ಗಾಡಿ ನಿಲ್ಲಿಸಿದ. ಎಡಕ್ಕೆ ಮಣ್ಣು ಕೆತ್ತಿಹೋದ ದಿಣ್ಣೆ. ಬಲಕ್ಕೆ ಒಂದು ಮಾರು ದೂರದಲ್ಲಿ ನೆಲವೇ ಇರಲಿಲ್ಲ. ಮರಗಳ ತುದಿಗಳು ಕಾಲಿನ ಕೆಳಗೆ ಕಾಣುತ್ತಿದ್ದವು. ಇಷ್ಟೇ ಜಾಗದಲ್ಲಿ, ಒಂದು ಉಸಿರಿನಲ್ಲಿ, ರಾಜಗೋಪಾಲ್ ತನ್ನ ಎಡಗಾಲಿನ ಬದಿಯನ್ನೇ ದಿಣ್ಣೆಗೆ ಕೊಟ್ಟಿದ್ದ. ಗೋವಿಂದರಾಜುವಿನ ಬೆರಳುಗಳು ಕಂಬಿಗೆ ಅಂಟಿಕೊಂಡವು.

“ಇಳ್ದು ನಡೀತೀಯಾಣ್ಣ, ಇಲ್ಲಾ ಕೂತಿರ್ತೀಯಾ?” ಎಂದು ರಾಜಗೋಪಾಲ್ ಹಿಂದೆ ತಿರುಗದೆಯೇ ಕೇಳಿದ.

ಗೋವಿಂದರಾಜು ಮತ್ತೊಮ್ಮೆ ಬಲಕ್ಕೆ ಬಗ್ಗಿ ಕೆಳಗೆ ನೋಡಿದ.

“ಕೂತಿರ್ತೀನಿ,” ಎಂದ ಗೋವಿಂದರಾಜು.

ರಾಜಗೋಪಾಲ್ ಲಿವರನ್ನು ಸ್ವಲ್ಪವೇ ಸಡಿಲಿಸಿದ. ಗಾಡಿ ಮೆಲ್ಲಗೆ ತಿರುವು ದಾಟಿ ಇಳಿಯತೊಡಗಿತು.