ನಮ್ಮೋರು ಸೋಲಲಿ

ಸವಣೂರಿನಲ್ಲಿ ಬಾಸ್ಕೆಟ್‌ಬಾಲ್ ಹುಚ್ಚು ಇದ್ದವರು ಇಬ್ಬರೇ, ವಿಭಾ ಮತ್ತು ಮಂಜುಳಾ. ಹೈಸ್ಕೂಲಿನ ತಂಡದಲ್ಲಿ ಜೊತೆಗೆ ಆಡಿದವರು. ಆಗಿನಿಂದ ಇಬ್ಬರೂ ಅಮೆರಿಕದ ಒಂದೇ ತಂಡಕ್ಕೆ ಜೀವ ಬಿಡುವವರು. ಅದರ ಹೆಸರಿಗೆ ಮನೆಯವರ ನಾಲಗೆ ಹೊರಳದು. ಇವರಿಗೆ ಅದು ‘ನಮ್ಮೋರು’. ಅಲ್ಲಿಯ ರಾತ್ರಿಯಾಟ ಇಲ್ಲಿ ಬೆಳಗಿನ ಹೊತ್ತಿಗೆ. ವಿಭಾಳ ನಡುಮನೆಯ ಟೀವಿ ಮುಂದೆ ಕೂತರೆ ಜಗಳ ಶುರು.

“ಮೊದಲು ಹುಚ್ಚು ಹಿಡದದ್ದು ನನಗ. ನೀ ಆಮ್ಯಾಲೆ ಬಂದಾಕಿ,” ಎನ್ನುವಳು ವಿಭಾ.

“ಸೋತಾಗ ಊಟ ಬಿಟ್ಟಾಕಿ ನಾನು. ನೀ ಎರಡೆರಡು ಸಲ ಸಾರು ಹಾಕಿಸ್ಕೊಂಡಿ!” ಎನ್ನುವಳು ಮಂಜುಳಾ.

ನಮ್ಮೋರು ಹಿಂದೆ ಬಿದ್ದರೆ ವಿಭಾ ಗೆಳತಿಯನ್ನು ಹಿತ್ತಲಿಗೆ ಅಟ್ಟುವಳು: “ಎದ್ದು ಹೋಗ ಮಾರಾಯ್ತಿ, ನಿನ್ನ ಕಾಲ್ಗುಣ ಸರಿ ಇಲ್ಲ!” ಮಂಜುಳಾ ಹಿತ್ತಲಿನಿಂದಲೇ ಬೈಯುತ್ತ, ನಗುತ್ತ ಸ್ಕೋರು ಕೇಳುವಳು. ಹೊರಗಿನವರೆದುರು ಬಾಯಿ ತೆರೆಯದ ವಿಭಾಳಿಗೆ ಮಾತು ಬರುತ್ತಿದ್ದುದು ಈ ಒಬ್ಬಳ ಮುಂದೆ.

ಮಂಜುಳಾ ಲಗ್ನವಾಗಿ ಹಿರೇಕೆರೂರಿಗೆ ಹೋದಳು. ಈ ಜೂನಿನಲ್ಲಿ ಅವಳು ತವರಿಗೆ ಬಂದಾಗಲೇ ನಮ್ಮೋರು, ಇವರಿಬ್ಬರು ಕಂಡಂತೆ ಮೊದಲ ಸಲ, ಫೈನಲ್ ಮುಟ್ಟಿದ್ದರು. ಕೊನೆಯ ಪಂದ್ಯದ ದಿನ ಅವಳು ನಸುಕಿನಲ್ಲೇ ಬಂದು ಚಾಪೆಯ ಮೇಲೆ ಕೂತಳು. ಸೊರಗಿದ್ದಳು. ವಿಭಾಳ ಕಣ್ಣು ಮಾತ್ರ ಟೀವಿಯಲ್ಲಿತ್ತು.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ನಮ್ಮೋರು ಹಿಂದೆ ಬಿದ್ದರು.

“ಬಂತು ನೋಡು ನಿನ್ನ ಕಾಲ್ಗುಣ!” ವಿಭಾ ತೊಡೆ ಬಡಿದುಕೊಂಡಳು. “ಏಳು, ಹೊರಗ ನಡಿ!”

ಮಂಜುಳಾ ಬೈಯಲಿಲ್ಲ. “ಹೌದು, ಹೋಗ್ತೇನಿ,” ಎಂದು ಎದ್ದು, ಹಿತ್ತಲಿಗಲ್ಲ, ಬೀದಿ ಬಾಗಿಲಿಗೆ ನಡೆದಳು.

ಕಾಫಿ ತಂದ ವಿಭಾಳ ತಾಯಿ ಭಾಗೀರಥಿಬಾಯಿ ಅಲ್ಲೇ ನಿಂತರು. “ಎಂಥಾ ಮಾತು ಆಡಿದಿಯವ್ವಾ! ಆಕಿ ಗಂಡನ ಮನ್ಯಾಗ ಕಾಲಿಟ್ಟ ವಾರಕ್ಕ ಅತ್ತಿ ಬಚ್ಚಲದಾಗ ಜಾರಿ ಸೊಂಟ ಮುರಕೊಂಡ್ಲು. ಕೆಟ್ಟ ಕಾಲ್ಗುಣದಾಕಿ ಅಂತ ಅಂದೂ ಅಂದೂ ತವರಿಗೆ ಕಳಿಸ್ಯಾರ. ನಿನ್ನೆ ಅವರವ್ವ ನನ್ನ ಮುಂದ ಅತ್ತಳು. ಮ್ಯಾಚು ಮುಗಿಯೂತನಕ ನಿನಗ ಹೇಳಬ್ಯಾಡ ಅಂತ ಆ ಹುಡುಗಿನೇ ಅಂದಿದ್ಲಂತ.”

ವಿಭಾ ಬೀದಿಗೆ ಓಡಿದಳು. ಮಂಜುಳಾ ತಿರುವಿನಾಚೆ ಮರೆಯಾಗಿದ್ದಳು. ಫೋನು ಮಾಡಿದರೆ ಎತ್ತಲಿಲ್ಲ.

ಒಳಗೆ ಬಂದರೆ ನಮ್ಮೋರು ಸಮ ಮಾಡಿಕೊಂಡಿದ್ದರು. ವಿಭಾ ಬಾಗಿಲಲ್ಲೇ ನಿಂತಳು. ಈಗ ಗೆದ್ದರೆ? ಮಂಜುಳಾ ಎದ್ದು ಹೋದದ್ದಕ್ಕೇ ಗೆದ್ದರು ಎಂದಾಗುತ್ತದೆ. ಹಿರೇಕೆರೂರಿನವರ ಮಾತಿಗೆ ತನ್ನ ಮನೆಯ ಟೀವಿಯೇ ಸಾಕ್ಷಿ ನುಡಿದಂತಾಗುತ್ತದೆ. ಈ ತಂಡ ಗೆಲ್ಲಲೆಂದು ಸಣ್ಣವಳಿದ್ದಾಗಿನಿಂದ ರಾಯರಿಗೆ ಹರಕೆ ಹೊತ್ತವಳು ಈಗ ಕೈ ಮುಗಿದಳು: ಸೋಲಲಿ, ರಾಯರೇ, ನಮ್ಮೋರು ಸೋಲಲಿ.

ನಮ್ಮೋರು ಗೆದ್ದರು.

ವಿಭಾ ಹೋದಾಗ ಮಂಜುಳಾ ತನ್ನ ಮನೆಯ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು.

“ಸೋತ್ರು,” ಎಂದಳು ವಿಭಾ.

“ಸುಳ್ಳು ಹೇಳಾಕ ನಿನಗ ಬರೂದಿಲ್ಲ ಬಿಡು.” ಮಂಜುಳಾ ತಲೆ ಎತ್ತಲಿಲ್ಲ. “ಮೊಬೈಲಿನ್ಯಾಗ ನೋಡಾಕತ್ತಿದ್ದೆ. ಕಡೀಗೆ ಬಂದ್ ಮಾಡಿದೆ.”

“ಯಾಕ?”

“ಗೆಲ್ಲಲಿ ಅಂತ.”

ವಿಭಾ ಪಕ್ಕದಲ್ಲಿ ಕೂತಳು. “ನಗ್ಯಾಡಾಕ, ಚಾಷ್ಟಿಗೆ ಅಂದದ್ದಲ್ಲೇನ ಅದು? ನೀನೂ ನಂಬಿದೇನ?”

“ಹಿರೇಕೆರೂರಾಗ ಅಷ್ಟೂ ಮಂದಿ ಅಂದಾಗ ನಂಬಿರಲಿಲ್ಲ ನೋಡು,” ಎಂದಳು ಮಂಜುಳಾ.

ವಿಭಾ ತಾನೂ ಬಿಡಿಸಲೆಂದು ಸೊಪ್ಪಿಗೆ ಕೈ ಹಾಕಿದಳು. ಮಂಜುಳಾ ಮೊರವನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.