ಮುತ್ಯಾಲಮ್ಮನ ಪಾದಕ್ಕಿಟ್ಟ ಇಂಜೆಕ್ಷನ್

ನನ್ನ ಗಂಡ ದಾಸಪ್ಪನ ರಕ್ತಕ್ಕೆ ಬೂಷ್ಟು ಸೇರಿದೆ ಎಂದು ವೈಟ್‌ಫೀಲ್ಡಿನ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದಾಗ ನನಗೆ ಮೊದಲು ನೆನಪಾದದ್ದು ದೇವಕ್ಕನ ಮನೆಯ ಇಡ್ಲಿ ಹಿಟ್ಟು. ಕರುಳಿನ ಆಪರೇಷನ್ ಆದಮೇಲೆ ಅವನ ಜ್ವರ ಇಳಿದೇ ಇರಲಿಲ್ಲ. ಯೀಸ್ಟ್ ಅಂತ ಒಂದಿದೆ, ಹಿಟ್ಟು ಉಬ್ಬಿಸುವ ಜಾತಿಯದು, ಅದು ರಕ್ತಕ್ಕಿಳಿದಿದೆ, ಜೀವಕ್ಕೇ ಅಪಾಯ ಎಂದರು. ಅವಳ ಮನೆಯಲ್ಲಿ ದಿನಾ ಇಡ್ಲಿ ತಿನ್ನುತ್ತಿದ್ದ, ಅದರಿಂದಲೇ ಇರಬೇಕು ಎಂದೆ. ಅಲ್ಲವಂತೆ. ಎಲ್ಲರ ಹೊಟ್ಟೆಯಲ್ಲೂ ಇರುವುದೇ ಅಂತೆ, ಮೈ ಸೋತಾಗ ರಕ್ತಕ್ಕೆ ನುಗ್ಗುತ್ತದಂತೆ. ನನಗೆ ನಿರಾಸೆಯೇ ಆಯಿತು.

ದೇವಕ್ಕ ಯಾರು ಅಂತೀರಾ? ನನ್ನ ಸವತಿ. ಗದಗದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಗಂಡನನ್ನು ಕಳೆದುಕೊಂಡು, ನಮ್ಮದೇ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದವಳು. ಬಾಡಿಗೆ ಕೇಳಲು ಹೋಗುತ್ತಿದ್ದ ನನ್ನ ಗಂಡ ಒಂದು ದಿನ ಅವಳಿಗೆ ತಾಳಿ ಕಟ್ಟಿ ಬಂದ. ಸವತಿ ಎಂದಮೇಲೆ ಜಗಳಗಂಟಿಯಾಗಿರಬೇಕು, ಆಗ ನಮಗೂ ಬೈಯಲು ಬಾಯಿ ಬರುತ್ತದೆ. ಇವಳೋ, ಎಷ್ಟು ಬೈದರೂ ತಲೆ ತಗ್ಗಿಸಿ ನಿಲ್ಲುತ್ತಾಳೆ. ಊರೆಲ್ಲ ಅವಳನ್ನೇ ಹೊಗಳುತ್ತದೆ. ನನ್ನ ಹೊಟ್ಟೆ ಉರಿಯದೆ ಇನ್ನೇನಾಗಬೇಕು?

ಐಸಿಯು ಒಳಗೆ ಒಬ್ಬರಿಗೇ ಪಾಸು. ಜ್ವರದ ಮಂಪರಿನಲ್ಲಿ ಅವನು ದೇವಿ, ದೇವಿ ಎಂದು ಕನವರಿಸುತ್ತಿದ್ದ, ಹಾಗಾಗಿ ಪಾಸು ದೇವಕ್ಕನಿಗೇ ಕೊಟ್ಟರು. ತಾಳಿ ಕಟ್ಟಿಸಿಕೊಂಡ ಮೊದಲನೆಯವಳು ನಾನು ಹೊರಗಿನ ಬೆಂಚಿನ ಮೇಲೆ.

ಬೂಷ್ಟು ಕೊಲ್ಲುವ ಇಂಜೆಕ್ಷನ್ ಆಸ್ಪತ್ರೆಯಲ್ಲಿ ಮುಗಿದು, ಮಾರತಹಳ್ಳಿಯ ಔಷಧಿ ಅಂಗಡಿಯಿಂದ ತರಬೇಕಾಯಿತು. ನಾನೇ ತರುತ್ತೇನೆಂದು ಹಟ ಹಿಡಿದು ಹೋದೆ. ಅಂಗಡಿಯವನು ಪುಟ್ಟ ಸೀಸೆಯನ್ನು ಐಸ್ ತುಂಬಿದ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು, ಎಲ್ಲೂ ತೆಗೆಯಬೇಡಿ, ನೇರವಾಗಿ ಹೋಗಿ ಎಂದ. ನೇರವಾಗಿ ಹೇಗೆ ಹೋಗಲಿ? ನಮ್ಮೂರಲ್ಲಿ ಬೋರ್‌ವೆಲ್ ಮೋಟರನ್ನೂ ಮುತ್ಯಾಲಮ್ಮನಿಗೆ ತೋರಿಸದೆ ಇಳಿಸುವುದಿಲ್ಲ. ಗಂಡನ ರಕ್ತಕ್ಕೆ ಇಳಿಯುವ ಔಷಧಿಯನ್ನು ಹಾಗೇ ಒಯ್ಯುವುದುಂಟೆ? ಆಟೋವನ್ನು ಊರ ಕಡೆ ತಿರುಗಿಸಿದೆ.

ಪೂಜಾರಿ ರಾಮಾಂಜಿನಪ್ಪ ಸೀಸೆ ತೆಗೆದು ಅಮ್ಮನ ಪಾದದ ಹತ್ತಿರ, ದೀಪದ ಪಕ್ಕದಲ್ಲಿಟ್ಟು ನಿಧಾನವಾಗಿ ಅರ್ಚನೆ ಶುರುಮಾಡಿದ. ಮಟಮಟ ಮಧ್ಯಾಹ್ನ. ಹೊರಗಿಟ್ಟ ಡಬ್ಬಿಯಲ್ಲಿ ಐಸ್ ನೀರಾಗುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು, ಅವನು ಉಳಿಯಲಿ ತಾಯಿ, ಕಣ್ಣು ಬಿಟ್ಟಾಗ ನನ್ನನ್ನು ಕೇಳಲಿ ಎಂದು ಬೇಡಿಕೊಂಡೆ.

ಆಸ್ಪತ್ರೆಯ ಕೆಳಗಿನ ಬಾಗಿಲಲ್ಲೇ ಕಾದಿದ್ದ ದೇವಕ್ಕ ಡಬ್ಬಿ ಇಸಿದುಕೊಂಡು ಮೇಲೆ ಹೋಗಿ ನರ್ಸಿಗೆ ಕೊಟ್ಟಳು. ನಾನು ಅವಳ ಹಿಂದೆಯೇ ಇದ್ದೆ. ಮುಚ್ಚಳ ತೆಗೆದರೆ ಕುಂಕುಮ, ಚೆಂಡುಹೂವು, ಬೆಚ್ಚಗಿನ ಸೀಸೆ. ನರ್ಸಮ್ಮನಿಗೆ ಬಂತು ನೋಡಿ ಸಿಟ್ಟು. ಬಿಸಿಯಾದ ಇಂಜೆಕ್ಷನ್ ಕೊಡುವ ಹಾಗಿಲ್ಲ, ಪೇಷಂಟ್ ಹೋದರೆ ಯಾರು ಹೊಣೆ, ಯಾರು ಈ ಕೆಲಸ ಮಾಡಿದ್ದು ಎಂದು ಗದರಿದಳು. ನಾನು ದೇವಕ್ಕನ ಬೆನ್ನ ಹಿಂದಕ್ಕೆ ಸರಿದೆ.

"ನಾನ ಗುಡಿಗೆ ಒಯ್ದಿದ್ನಿರಿ," ಎಂದಳು ದೇವಕ್ಕ. "ಅಕ್ಕಾರಿಗೆ ಗೊತ್ತಿಲ್ರಿ."

ಅವಳ ಪಾಸು ಕಿತ್ತು ನನಗೆ ಕೊಟ್ಟರು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದರೆ, ನೀವು ಹಿರಿಯರು, ಎಲ್ಲರ ಮುಂದೆ ಬೈಸಿಕೊಳ್ಳಬಾರದು ಅಂದಳು. ನನ್ನ ತಪ್ಪನ್ನೂ ಹೊತ್ತುಕೊಂಡು ಅವಳೇ ದೊಡ್ಡವಳಾದಳು. ಮೈಯೆಲ್ಲ ಉರಿಯಿತು, ಆದರೂ ಪಾಸು ವಾಪಸ್ ಕೊಡಲಿಲ್ಲ.

ಸಂಜೆಗೆ ಬೇರೆ ಆಸ್ಪತ್ರೆಯಿಂದ ಇಂಜೆಕ್ಷನ್ ಬಂತು. ದಿನಕ್ಕೊಂದರಂತೆ ಕೊಡುತ್ತಾ ಹೋದರು, ಜ್ವರ ಮೆಲ್ಲಗೆ ಇಳಿಯಿತು. ಒಂದು ಬೆಳಿಗ್ಗೆ ಅವನು ಕಣ್ಣು ಬಿಟ್ಟಾಗ ಎದುರಿಗಿದ್ದವಳು ನಾನೇ. ನನ್ನ ಮುಖವನ್ನೇ ನೋಡಿ, ದೇವಿ ಎಲ್ಲಿ ಎಂದ.

ಅಷ್ಟು ಹೊತ್ತಿಗೆ ಸಿಟ್ಟಿಳಿದಿದ್ದ ನರ್ಸಮ್ಮ ನಗುತ್ತಾ, ದೇವಕ್ಕ ಇಂಜೆಕ್ಷನ್ನನ್ನು ಗುಡಿಗೆ ಒಯ್ದ ಕತೆಯನ್ನೆಲ್ಲ ಅವನಿಗೆ ಹೇಳಿದಳು. ಅವನ ಕಣ್ಣು ತುಂಬಿಬಂತು.

"ನಂಗೋಸ್ಕರ ಅಮ್ಮನ್ ತಾವ ಓಗಿದ್ಲಾ?"

ಪಾಸು ಹೋದರೆ ಹೋಗಲಿ ಅನ್ನಿಸಿತು. ಬೈಗುಳ ಅವಳು ಬೇಕಾದರೆ ಇಟ್ಟುಕೊಳ್ಳಲಿ, ಈ ಕಣ್ಣೀರು ನನ್ನದು.

"ಓಗಿದ್ದು ನಾನು ಕಣಯ್ಯಾ," ಎಂದೆ. "ಔಸ್ದಿ ಕೆಡಿಸಿದ್ದೂ ನಾನೇ. ಅವಳಲ್ಲ."

ಅವನು ನನ್ನನ್ನೇ ದಿಟ್ಟಿಸಿದ. ಆಮೇಲೆ ಬತ್ತಿದ ತುಟಿಯಲ್ಲೇ ನಕ್ಕ.

"ಪಾಪ, ಅವಳ್ನ ಬೈತಾರೆ ಅಂತ ನಿನ್ ಮೈಮೇಲೆ ಎಳ್ಕಂತೀಯಾ? ಅವಳ ಗುಣ ನಿಂಗೂ ಬಂತಲ್ಲ ಮಾರೀ."

ಹಾಗೆಂದು ನನ್ನ ಕೈ ಹಿಡಿದುಕೊಂಡ. ಎಷ್ಟು ವರ್ಷವಾಗಿತ್ತೋ ಆ ಕೈ ನನ್ನನ್ನು ಹಿಡಿದು. ಕೊಡವಿ ಎದ್ದುಹೋಗಬೇಕು ಅನ್ನಿಸಿತು, ಆಗಲಿಲ್ಲ. ಬಾಗಿಲ ಗಾಜಿನಾಚೆ ದೇವಕ್ಕ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಅವನಿಗೆ ಅವಳು ಕಾಣದ ಹಾಗೆ ನಾನು ಸ್ವಲ್ಪ ಸರಿದು ಕೂತೆ.